ಕೊಯ್ಯೋಕೆ ಮನಸ್ಸಿರುವವರಿಗೆ ಒಂದು ತೋಟದ ಮನೆ

ಈ ಮನೆಯನ್ನು ಬುಕ್ ಮಾಡುವ ಮೊದಲು ಒಂದು ವಿಷಯ ತಿಳಿದಿರಲಿ. ಇಲ್ಲಿ ನಿಮಗೆ ಬಾಡಿಗೆಗೆ ಸಿಗೋದು ಮನೆಗಿಂತ ಜಾಸ್ತಿ, ಮನೆ ಹಿಂದಿನ ತೋಟ. ಆ ತೋಟದಲ್ಲಿ ದಿನಾ ಕೆಲಸ ಇರುತ್ತೆ. ಮಾಡೋಕೆ ಮನಸ್ಸಿದ್ದರೆ ಹೋಗಿ. ನಮಗಂತೂ ಇಂಗ್ಲೆಂಡಿಗೆ ಬಂದ ಹನ್ನೊಂದು ವರ್ಷದಲ್ಲಿ ಇಷ್ಟು ಒಳ್ಳೆಯ ಬೇಸಿಗೆ ರಜೆ ಸಿಕ್ಕಿರಲಿಲ್ಲ.

ಹೋಗಿದ್ದು ಜುಲೈ ಕೊನೆಯ ವಾರ. ನಾನು, ನಮ್ಮನೆಯವರು, ಎಂಟು ವರ್ಷದ ಮಗಳು, ಮತ್ತೆ ತೀರ್ಥಹಳ್ಳಿ ಕಡೆಯಿಂದ ಬಂದಿದ್ದ ಅಮ್ಮ. ಬರ್ಮಿಂಗ್‌ಹ್ಯಾಮ್‌ನಿಂದ ಎಂ5 ಹೆದ್ದಾರಿ ಹಿಡಿದು ಏಳನೇ ಜಂಕ್ಷನ್‌ನಲ್ಲಿ ಇಳಿದರೆ, ಒಟ್ಟು ಒಂದು ಗಂಟೆಯ ದಾರಿ. ವೂಸ್ಟರ್‌ಶೈರ್‌ನ ಪರ್ಶೋರ್ ಅನ್ನೋ ಪುಟ್ಟ ಪಟ್ಟಣದಿಂದ ಮೂರು ಮೈಲಿ ಆಚೆ ಈ ಹಳ್ಳಿ ಇದೆ. ರೈಲಲ್ಲೂ ಬರಬಹುದು, ಆದರೆ ಸ್ಟೇಷನ್ ಊರ ಹೊರಗಿದೆ. ವಯಸ್ಸಾದವರ ಜೊತೆ ಬರೋರು ಕಾರನ್ನೇ ತನ್ನಿ. ಶನಿವಾರ ಸಂಜೆ ನಾಲ್ಕಕ್ಕೆ ಬೀಗದ ಕೈ ಕೊಡ್ತಾರೆ, ಮುಂದಿನ ಶನಿವಾರ ಬೆಳಗ್ಗೆ ಹತ್ತಕ್ಕೆ ಬಿಡಬೇಕು. ಶಾಲೆ ರಜೆಯ ವಾರ ಆಗಿದ್ದರಿಂದ 860 ಪೌಂಡ್ ಆಯಿತು. ಬುಕಿಂಗ್ ವೆಬ್‌ಸೈಟಿನವರು ಕೊನೇ ಪುಟದಲ್ಲಿ ಸ್ವಚ್ಛತೆ ಶುಲ್ಕ ಅಂತ ಇನ್ನೊಂದು 65 ಪೌಂಡ್ ಸೇರಿಸಿದರು. ಅದನ್ನು ಮೊದಲೇ ಹೇಳಬೇಕಿತ್ತು.

ಮನೆ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. ಹಳೇ ಮನೆ. ಕಪ್ಪು ಮರದ ಚೌಕಟ್ಟು, ಮಧ್ಯೆ ಬಿಳಿ ಗೋಡೆ. ಆ ಕಡೆಯ ಹಳ್ಳಿಗಳಲ್ಲಿ ಇಂಥವು ಸುಮಾರಿವೆ. ಅಡುಗೆಮನೆ ಬಾಗಿಲ ತೊಲೆ ತುಂಬ ಕೆಳಗಿದೆ, ಎತ್ತರದವರು ಬಗ್ಗಲೇಬೇಕು. ಮೆಟ್ಟಿಲು ಕಡಿದು, ಬಚ್ಚಲು ಮಹಡಿ ಮೇಲೆ. ಅಮ್ಮನ ಮಂಡಿಗೆ ಇದು ನಿಜವಾಗಲೂ ಕಷ್ಟ ಆಯಿತು. ಕೆಳಗೆ ಒಂದು ಸಣ್ಣ ಟಾಯ್ಲೆಟ್ ಆದರೂ ಇದ್ದಿದ್ದರೆ ಚೆನ್ನಾಗಿತ್ತು. ಶವರ್‌ನಲ್ಲಿ ನೀರು ನಿಧಾನ. ಅಮ್ಮ ಬಕೆಟ್ ಕೇಳಿದಳು, ಬಕೆಟ್ ತೋಟದ ಶೆಡ್‌ನಲ್ಲಿ ಸಿಕ್ಕಿತು. ಹಾಸಿಗೆ, ಹೊದಿಕೆ ಎಲ್ಲ ಸ್ವಚ್ಛ. ಫೋನ್ ಸಿಗ್ನಲ್ ಗೇಟಿನ ಹತ್ತಿರ ಮಾತ್ರ. ಇಷ್ಟೇ.

ಇನ್ನು ತೋಟ.

ಮನೆಯೊಡತಿ ಪಕ್ಕದ ಮನೆಯಲ್ಲೇ ಇರ್ತಾರೆ. ಎಪ್ಪತ್ತು ದಾಟಿದ ಹೆಂಗಸು. ನಾವು ಇಳಿದ ಮನೆ ಅವರ ಅಪ್ಪ ಅಮ್ಮನದು. ಅಡುಗೆಮನೆ ಮೇಜಿನ ಮೇಲೆ ಮೊಟ್ಟೆ, ಬೆಣ್ಣೆ, ಒಂದು ಜಾಡಿ ಜಾಮ್ ಇಟ್ಟಿದ್ದರು. ಪಕ್ಕದಲ್ಲಿ ಕೈಬರಹದ ಒಂದು ಹಾಳೆ. ವೈಫೈ ಪಾಸ್‌ವರ್ಡ್ ಇರುತ್ತೆ ಅಂದುಕೊಂಡು ತೆಗೆದರೆ ಅದರಲ್ಲಿದ್ದದ್ದು ಇಷ್ಟು: ರನ್ನರ್ ಬೀನ್ಸ್ ದಿನ ಬಿಟ್ಟು ದಿನ ಕೊಯ್ಯಿರಿ. ಸ್ವೀಟ್ ಪೀ ಹೂವು ದಿನಾ ಕತ್ತರಿಸಿ, ಒಂದನ್ನೂ ಬಿಡಬೇಡಿ. ಕೂರ್ಜೆಟ್ (ಸೌತೆಕಾಯಿ ಥರ ಕಾಣೋ, ಕುಂಬಳ ಜಾತಿಯ ಕಾಯಿ) ಮೇಲೆ ಕಣ್ಣಿಡಿ. ಹಣ್ಣಿನ ಬಲೆಯ ಬಾಗಿಲು ಹಾಕಿ ಬನ್ನಿ. ನೀಲಿ ದಾರ ಕಟ್ಟಿದ ಸಾಲನ್ನು ದಯವಿಟ್ಟು ಮುಟ್ಟಬೇಡಿ.

ಅಮ್ಮನಿಗೆ ಓದಿ ಹೇಳಿದೆ. "ಸರಿಯಾಗೇ ಬರೆದಿದ್ದಾರೆ ಕಣೇ" ಅಂದಳು. ಬ್ಯಾಗ್ ಬಿಚ್ಚುವ ಮೊದಲೇ ತೋಟಕ್ಕೆ ಹೋದಳು.

ನಮ್ಮ ಕಡೆ ತೋಟ ಅಂದರೆ ಅಡಿಕೆ ತೋಟ. ಹೂವಿನ ಗಿಡ ಅಂಗಳದಲ್ಲಿ, ತರಕಾರಿ ಹಿತ್ತಲಲ್ಲಿ. ಇಲ್ಲಿ ಎಲ್ಲ ಒಂದರೊಳಗೊಂದು ಸೇರಿಕೊಂಡಿದೆ. ಗೇಟಿನಿಂದ ಬಾಗಿಲಿಗೆ ಬರುವ ಇಟ್ಟಿಗೆ ದಾರಿಯ ಎರಡೂ ಕಡೆ ಲ್ಯಾವೆಂಡರ್, ಅದರ ತುಂಬ ದುಂಬಿ. ಗೋಡೆಗೆ ಒರಗಿ ಆಳೆತ್ತರಕ್ಕಿಂತ ಮೇಲೆ ಬೆಳೆದ ಹಾಲಿಹಾಕ್ ಹೂವಿನ ಗಿಡ. ಅದರ ಬುಡದಲ್ಲೇ ಬೀಟ್‌ರೂಟ್. ಗುಲಾಬಿ ಪೊದೆಯ ಪಕ್ಕ ಈರುಳ್ಳಿ. ಹಿಂದೆ ರನ್ನರ್ ಬೀನ್ಸ್ ಚಪ್ಪರ, ಆಲೂಗಡ್ಡೆ ಮಡಿ, ಬಲೆ ಹೊದಿಸಿದ ಹಣ್ಣಿನ ಪೊದೆಗಳು. ಕೊನೆಗೆ ಎರಡು ಪ್ಲಮ್ ಮರ, ಒಂದು ಸೇಬು, ಗೊಬ್ಬರದ ಗುಂಡಿ. ನೋಡೋಕೆ ಚೆಂದ ಅಂತ ಶುರುವಾದ ಪದ್ಧತಿ ಅಲ್ಲ ಇದು. ಹಳ್ಳಿಯ ಕೂಲಿಕಾರರಿಗೆ ಮನೆ ಸುತ್ತ ಇದ್ದದ್ದೇ ಅಂಗೈಯಗಲ ಜಾಗ. ಅದರಲ್ಲೇ ತರಕಾರಿ, ಹಣ್ಣು, ಮದ್ದಿನ ಸೊಪ್ಪು, ಹೂವು, ಕೆಲವರಿಗೆ ಒಂದು ಹಂದಿ, ಒಂದೆರಡು ಜೇನುಗೂಡು. ಹಣವಿದ್ದವರು ಇದರ ಚೆಂದ ಕಂಡು ತಮ್ಮ ತೋಟವನ್ನೂ ಹೀಗೆ ಮಾಡಿಕೊಂಡಿದ್ದು ಆಮೇಲೆ, 19ನೇ ಶತಮಾನದ ಕೊನೆಯಲ್ಲಿ.

ಮೊದಲ ಕೊಯ್ಲು ಬೀನ್ಸ್‌ದು. ರನ್ನರ್ ಬೀನ್ಸ್ ನಮ್ಮ ಹುರುಳಿಕಾಯಿಯ ದೊಡ್ಡಪ್ಪನ ಮಗ ಅನ್ನಬಹುದು. ಅಗಲ, ಒರಟು, ಒಂದು ಗೇಣು ಉದ್ದ. ಹೂವು ಮಾತ್ರ ದಾಸವಾಳದಂಥ ಕೆಂಪು. ಮೂಲ ಮಧ್ಯ ಅಮೆರಿಕದ ಬೆಟ್ಟಗಳು. ಇಂಗ್ಲೆಂಡಿಗೆ ಬಂದಾಗ ಮೊದಲು ಇದನ್ನು ಬೆಳೆಸಿದ್ದು ಹೂವಿಗೋಸ್ಕರ, ಕಾಯಿ ತಿನ್ನೋದು ಆಮೇಲೆ ಶುರುವಾಯಿತು. ಬಿದಿರಿನ ಕೋಲುಗಳನ್ನು ಮೇಲೆ ಜೋಡಿಸಿ ಕಟ್ಟಿ ಸಾಲಾಗಿ ಹಬ್ಬಿಸಿದ್ದಾರೆ. ಅಮ್ಮ ಹತ್ತಿರ ಹೋಗಿ ಒಂದು ಹೂವಿನ ಗೊಂಚಲನ್ನು ಬೆರಳ ಮೇಲೆ ಎತ್ತಿ ತೋರಿಸಿದಳು. ಪ್ರತಿ ಹೂವಿನ ಬುಡದಲ್ಲೂ ಸೂಜಿಯಲ್ಲಿ ಚುಚ್ಚಿದ ಹಾಗೆ ಒಂದು ತೂತು. ರೋಗ ಅಂದುಕೊಂಡೆವು. ಮನೆಯೊಡತಿ ಬೇಲಿಯಾಚೆಯಿಂದ ಹೇಳಿದರು, ಅದು ದುಂಬಿ ಮಾಡೋ ಕೆಲಸ ಅಂತ. ನಾಲಿಗೆ ಗಿಡ್ಡ ಇರುವ ದುಂಬಿಗಳಿಗೆ ಹೂವಿನ ಬಾಯಿಂದ ಮಕರಂದ ಎಟುಕೋದಿಲ್ಲ. ಅದಕ್ಕೆ ಬುಡದಲ್ಲೇ ಕಚ್ಚಿ ಕುಡಿದು ಹೋಗುತ್ತವೆ. ಐದು ನಿಮಿಷ ನಿಂತು ನೋಡಿದೆವು. ಒಂದು ದುಂಬಿ ಬಂತು, ನೇರ ಹೂವಿನ ಹಿಂಭಾಗಕ್ಕೇ ಹೋಯಿತು.

ಕೊಯ್ಯೋದು ಸುಲಭ ಅಲ್ಲ. ಕಾಯಿಗಳು ಎಲೆ ಹಿಂದೆ ಅಡಗಿರುತ್ತವೆ. ಎಲೆಯ ಬಣ್ಣ, ಕಾಯಿಯ ಬಣ್ಣ ಒಂದೇ. ಒಂದು ಕಡೆಯಿಂದ ನೋಡಿ ಎಲ್ಲ ಆಯಿತು ಅಂದುಕೊಂಡು, ಆ ಕಡೆ ಹೋದರೆ ಇನ್ನೊಂದು ಹಿಡಿ. ಒಂದು ಕೈಯಲ್ಲಿ ಬಳ್ಳಿ ಹಿಡಿದು ಇನ್ನೊಂದರಲ್ಲಿ ಕಾಯಿ ಮುರೀಬೇಕು, ಎಳೆದರೆ ಬಳ್ಳಿ ಸಮೇತ ಬರುತ್ತೆ. ಮುರಿದಾಗ ಲಟಕ್ ಅನ್ನಬೇಕು. ಬಗ್ಗಿದರೆ ಬಲಿತಿದೆ ಅಂತ ಅರ್ಥ. ಒಳಗೆ ಬೀಜದ ಉಬ್ಬು ಕಾಣೋ ಕಾಯಿಯನ್ನು ತಿನ್ನದಿದ್ದರೂ ಕಿತ್ತು ಗೊಬ್ಬರಕ್ಕೆ ಹಾಕಲೇಬೇಕು. ಹಾಳೆಯಲ್ಲಿ ಅಷ್ಟು ಖಡಾಖಂಡಿತ ಬರೆದಿದ್ದು ಇದಕ್ಕೇ. ಗಿಡಕ್ಕೆ ಬೇಕಿರೋದು ಬೀಜ. ಕಾಯಿ ಬಲಿತು ಬೀಜ ಕಟ್ಟಿತು ಅಂದರೆ ಅದರ ಕೆಲಸ ಮುಗೀತು, ಹೂ ಬಿಡೋದು ನಿಲ್ಲಿಸುತ್ತೆ. ಎಳೆಯದರಲ್ಲೇ ಕೊಯ್ದರೆ ಮತ್ತೆ ಹೂ, ಮತ್ತೆ ಕಾಯಿ. ಸ್ವೀಟ್ ಪೀ ಹೂವಿಗೂ ಇದೇ ಲೆಕ್ಕ. ಮನೆ ತುಂಬ ಹೂವು ಬೇಕಾದರೆ ದಿನಾ ಕತ್ತರಿಸಬೇಕು. ಮಗಳಿಗೆ ಈ ಕೆಲಸ ವಹಿಸಿದೆವು. ಬೆಳಗ್ಗೆ ಎದ್ದು ಚಪ್ಪಲಿ ಕೂಡ ಹಾಕದೆ ಕತ್ತರಿ ಹಿಡಿದು ಓಡೋಳು. ಮೂರನೇ ದಿನಕ್ಕೆ ಹೂದಾನಿ ಸಾಲದೆ ಲೋಟಗಳಲ್ಲಿ, ಖಾಲಿ ಜಾಮ್ ಜಾಡಿಗಳಲ್ಲಿ ಇಟ್ಟಳು. ಮನೆಯೊಳಗೆ ಕಾಲಿಟ್ಟರೆ ಅದರದ್ದೇ ಪರಿಮಳ.

ಮೊದಲ ದಿನದ ಬೀನ್ಸ್ ಒಂದೂವರೆ ಕಿಲೋ ತೂಗಿತು. ಎರಡು ದಿನ ಬಿಟ್ಟು ಅಷ್ಟೇ ಮತ್ತೆ. ಅಮ್ಮ ಎರಡೂ ಅಂಚಿನ ನಾರು ತೆಗೆದು, ಓರೆಯಾಗಿ ಸಣ್ಣಗೆ ಹೆಚ್ಚಿ, ಒಗ್ಗರಣೆ ಹಾಕಿ ಪಲ್ಯ ಮಾಡಿದಳು. ಹಸಿಯಾಗಿ ತಿನ್ನಬೇಡಿ, ಹೊಟ್ಟೆ ಕೆಡುತ್ತೆ, ಚೆನ್ನಾಗಿ ಬೇಯಿಸಲೇಬೇಕು. ಬ್ರಾಡ್ ಬೀನ್ಸ್ ಕೊನೇ ಹಂತದಲ್ಲಿತ್ತು. ಅದರ ಸಿಪ್ಪೆ ಬಿಡಿಸಿದರೆ ಒಳಗೆ ಹತ್ತಿಯಂಥ ಮೆತ್ತೆ, ಅದರ ಮೇಲೆ ಕಾಳು ಮಲಗಿರುತ್ತೆ. ಬೇಯಿಸಿ ಹೊರಸಿಪ್ಪೆ ಹಿಚುಕಿ ತೆಗೆದರೆ ಥೇಟ್ ಹಿತಕಿದ ಬೇಳೆ. ಸಾರಿಗೆ ಹಾಕಿದಾಗ ನಮ್ಮನೆಯವರು ಮೂರು ಸಲ ಬಡಿಸಿಕೊಂಡರು. ಗಿಡ ಒಣಗಿದ ಮೇಲೆ ಬೇರು ಕೀಳಬೇಡಿ, ಮೇಲಿಂದ ಕತ್ತರಿಸಿ ಅಂತ ಮನೆಯೊಡತಿ ಹೇಳಿದ್ದರು. ಬೇರಿನ ಗಂಟಲ್ಲಿ ಸಾರಜನಕ ಇರುತ್ತಲ್ಲ, ಅದು ಮುಂದಿನ ಬೆಳೆಗೆ ಮಣ್ಣಲ್ಲೇ ಉಳೀಬೇಕು.

ಕೂರ್ಜೆಟ್ ವಿಷಯದಲ್ಲಿ ನಾವು ಸೋತೆವು. ಸೋಮವಾರ ಬೆರಳುದ್ದ ಇದ್ದದ್ದನ್ನು ನಾಳೆ ಕೊಯ್ಯೋಣ ಅಂತ ಬಿಟ್ಟೆವು. ಮಂಗಳವಾರ ಇಡೀ ದಿನ ಹೊರಗೆ ಸುತ್ತಾಡಿದೆವು. ಗುರುವಾರ ಎಲೆ ಎತ್ತಿ ನೋಡಿದರೆ ಮಗಳ ಮೊಣಕೈ ಗಾತ್ರ! ಸಿಪ್ಪೆ ಗಟ್ಟಿ, ಒಳಗೆ ಬೀಜ. ಅಮ್ಮ ಅದನ್ನೂ ಬಿಡಲಿಲ್ಲ. ತಿರುಳು ಹುಳಿಗೆ, ಸಿಪ್ಪೆ ಚಟ್ನಿಗೆ. ಗಂಡು ಹೂವುಗಳನ್ನು ಕುಂಬಳ ಹೂವಿನ ಹಾಗೆ ಹಿಟ್ಟಲ್ಲಿ ಅದ್ದಿ ಕರಿದಳು.

ಈಗ ಗೂಸ್‌ಬೆರಿಗೆ ಬರ್ತೀನಿ. ಈ ವಿಮರ್ಶೆ ಬರೆಯೋಕೆ ಕೂತಿದ್ದೇ ಹೆಚ್ಚು ಕಡಿಮೆ ಅದಕ್ಕಾಗಿ.

ಶಾಲೆಯಲ್ಲಿ ಗೂಸ್‌ಬೆರಿ ಅಂದರೆ ನೆಲ್ಲಿಕಾಯಿ ಅಂತ ಕಲಿತವರು ನಾವು. ಎರಡಕ್ಕೂ ಸಂಬಂಧವೇ ಇಲ್ಲ. ನೆಲ್ಲಿ ಮರ, ಇದು ಸೊಂಟದೆತ್ತರದ ಮುಳ್ಳು ಪೊದೆ. ಹಣ್ಣು ಕೊಂಬೆಯ ಕೆಳಗೆ ಸಾಲಾಗಿ ತೂಗುತ್ತೆ. ಬೆಳಕಿಗೆ ಹಿಡಿದರೆ ಒಳಗಿನ ಬೀಜ ಕಾಣುತ್ತೆ. ಮೇಲಿಂದ ಕೆಳಗೆ ತೆಳು ಹಸಿರು ಗೆರೆಗಳು, ಮೈಮೇಲೆ ಸಣ್ಣ ರೋಮ, ತುದಿಯಲ್ಲಿ ಒಣಗಿದ ಹೂವಿನ ಚುಂಗು. ಕಾಯಿ ಕಚ್ಚಿದರೆ ಹಲ್ಲು ಚಳಿ ಹಿಡಿಯೋ ಹುಳಿ. ಹಣ್ಣಾದದ್ದರ ಸಿಪ್ಪೆ ಹುಳಿ, ಒಳಗೆ ದ್ರಾಕ್ಷಿಯಂಥ ಸಿಹಿ ರಸ. ಅಮ್ಮ ಒಂದು ತಿಂದು ಕಣ್ಣು ಮುಚ್ಚಿ, "ಇದಕ್ಕೆ ನೆಲ್ಲಿಕಾಯಿ ಅಂತ ಹೆಸರಿಟ್ಟವರು ಎರಡನ್ನೂ ತಿಂದಿಲ್ಲ" ಅಂದಳು. ಇನ್ನೊಂದಕ್ಕೆ ಕೈ ಹಾಕಿದಳು.

ಬಲೆಯೊಳಗೆ ನುಗ್ಗಿ ಕೂತು ಎರಡು ಗಂಟೆ ಕೊಯ್ದೆವು. ಕೈಯೆಲ್ಲ ಗೀರು. ದಪ್ಪ ಕೈಗವಸು ಶೆಡ್‌ನಲ್ಲಿ ಒಂದು ಜೊತೆ ಮಾತ್ರ ಇದೆ, ನೀವು ಇನ್ನೊಂದು ಜೊತೆ ತಗೊಂಡು ಹೋಗಿ. ಎಡಗೈಯಲ್ಲಿ ಕೊಂಬೆಯ ತುದಿ ಹಿಡಿದು ಮೇಲಕ್ಕೆತ್ತಬೇಕು, ಆಗ ಹಣ್ಣೆಲ್ಲ ಕೆಳಗೆ ನೇತಾಡುತ್ತೆ, ಬಲಗೈಗೆ ಮುಳ್ಳು ತಾಗೋದು ಕಡಿಮೆ. ಇದನ್ನು ಕಂಡುಕೊಳ್ಳೋಕೆ ನಮಗೆ ಅರ್ಧ ಗಂಟೆ ಹಿಡಿಯಿತು. ಒಟ್ಟು ನಾಲ್ಕು ಕಿಲೋ ಸಿಕ್ಕಿತು. ಆಮೇಲೆ ಒಂದೊಂದರ ತಲೆ, ಬಾಲ ಕತ್ತರಿಸಬೇಕು. ಅಡುಗೆಮನೆ ಬಾಗಿಲಲ್ಲಿ ಪೇಪರ್ ಹಾಸಿಕೊಂಡು ಅಮ್ಮ, ನಾನು, ಮಗಳು ಕೂತೆವು. ನಮ್ಮೂರಲ್ಲಿ ಹಲಸಿನ ಹಪ್ಪಳದ ದಿನ ಹೇಗೆ ಕೂರ್ತಿದ್ದೆವೋ ಹಾಗೇ. ಮಾತಾಡ್ತಾ ಮಾತಾಡ್ತಾ ಮುಗೀತು.

ಜಾಮ್‌ನ ಲೆಕ್ಕ ಸರಳ. ಒಂದು ಕಿಲೋ ಹಣ್ಣು, 400 ಮಿಲಿ ನೀರು, ಒಂದು ಕಿಲೋ ಸಕ್ಕರೆ. ಮೊದಲು ಹಣ್ಣನ್ನು ನೀರಲ್ಲಿ ಸಿಪ್ಪೆ ಮೆತ್ತಗಾಗೋವರೆಗೆ ಬೇಯಿಸಬೇಕು. ಸಕ್ಕರೆ ಆಮೇಲೆ, ಮೊದಲೇ ಹಾಕಿದರೆ ಸಿಪ್ಪೆ ಚರ್ಮದ ಹಾಗೆ ಗಟ್ಟಿ ಆಗುತ್ತೆ. ಸಕ್ಕರೆ ಕರಗಿದ ಮೇಲೆ ಉರಿ ಜೋರು ಮಾಡಿ ಕುದಿಸಬೇಕು. ಗೂಸ್‌ಬೆರಿಯಲ್ಲಿ ಪೆಕ್ಟಿನ್ ಜಾಸ್ತಿ, ಅದಕ್ಕೇ ಬೇರೇನೂ ಸೇರಿಸದೆ ಜಾಮ್ ತಾನಾಗೇ ಗಟ್ಟಿಯಾಗುತ್ತೆ. ಹಣ್ಣಿಗಿಂತ ಕಾಯಲ್ಲಿ ಇನ್ನೂ ಜಾಸ್ತಿ. ನಾವು ಎರಡನ್ನೂ ಬೆರೆಸಿದೆವು.

ಇಲ್ಲಿ ಮನೆಯ ಮೇಲೆ ನನ್ನ ದೊಡ್ಡ ದೂರು. ಹಣ್ಣು ಕೊಯ್ಯಿರಿ ಅಂತ ಕರೆಯೋ ಮನೆಯಲ್ಲಿ ಜಾಮ್ ಕುದಿಸೋ ಪಾತ್ರೆ ಇಲ್ಲ. ಇದ್ದದ್ದರಲ್ಲಿ ದೊಡ್ಡದು ಮೂರು ಲೀಟರಿನದು. ಸಕ್ಕರೆ ಪಾಕ ಕುದಿಯುವಾಗ ದುಪ್ಪಟ್ಟು ಮೇಲೆ ಏಳುತ್ತೆ, ಪಾತ್ರೆ ಅರ್ಧಕ್ಕಿಂತ ಜಾಸ್ತಿ ತುಂಬಿರಬಾರದು. ನಮ್ಮದು ಮುಕ್ಕಾಲು ತುಂಬಿತ್ತು. ಉಕ್ಕಿ ಒಲೆಯ ಗಾಜಿನ ಮೇಲೆಲ್ಲ ಹರಿದು, ಸುಟ್ಟು, ಅಂಟಿತು. ಅದನ್ನು ಕೆರೆದು ತೆಗೆಯೋಕೆ ರಾತ್ರಿ ಹನ್ನೊಂದಾಯಿತು. ಅಮ್ಮನ ಮುಂಗೈಗೆ ಒಂದು ಹನಿ ಬಿಸಿ ಪಾಕವೂ ಸಿಡಿಯಿತು. ನನಗೆ ಬೇಜಾರಾಯಿತು, ಅತ್ತೇಬಿಟ್ಟೆ ಅಂದರೂ ಸುಳ್ಳಲ್ಲ.

ಬೆಳಗ್ಗೆ ಹೋಗಿ ಮನೆಯೊಡತಿಗೆ ಹೇಳಿದೆ. ಅವರು ಒಳಗೆ ಹೋಗಿ ಒಂದು ಅಗಲ ಬಾಯಿಯ, ಮೇಲೆ ದೊಡ್ಡದಾಗ್ತಾ ಹೋಗುವ, ಬಕೆಟ್ ಥರ ಹಿಡಿಕೆ ಇರುವ ಪಾತ್ರೆ ತಂದರು. ಮ್ಯಾಸ್ಲಿನ್ ಪ್ಯಾನ್ ಅಂತಾರೆ ಅದಕ್ಕೆ. ಅವರ ಅಮ್ಮನದು. ಎರಡನೇ ಮಹಾಯುದ್ಧ ನಡೀತಿದ್ದಾಗ ಸಕ್ಕರೆ ರೇಷನ್. ಹಣ್ಣು ಮರದಲ್ಲೇ ಕೊಳೆತು ಹಾಳಾಗಬಾರದು ಅಂತ 1940ರಲ್ಲಿ ಸರ್ಕಾರ ಹಳ್ಳಿ ಹೆಂಗಸರ ಸಂಘಗಳಿಗೆ, ವಿಮೆನ್ಸ್ ಇನ್‌ಸ್ಟಿಟ್ಯೂಟ್‌ಗಳಿಗೆ, ಸಕ್ಕರೆ ಕೊಟ್ಟು ಜಾಮ್ ಮಾಡಿಸಿತು. ಆಗ ಊರಿನ ಹಾಲ್‌ನಲ್ಲಿ ಅವರ ಅಮ್ಮ ಇದೇ ಪಾತ್ರೆ ಇಟ್ಟುಕೊಂಡು ಕುದಿಸಿದ್ದರಂತೆ. ನನ್ನ ಕೈಗೆ ಕೊಡುವಾಗ ಅದರ ಒಳಮೈಯನ್ನು ಏಪ್ರನ್‌ನಿಂದ ಒಂದು ಸಲ ಒರೆಸಿ ಕೊಟ್ಟರು.

ಎರಡನೇ ಸಲ ಅವರೂ ಬಂದು ಒಲೆ ಪಕ್ಕ ನಿಂತರು. ತಟ್ಟೆಯೊಂದನ್ನು ಮೊದಲೇ ಫ್ರೀಜರ್‌ನಲ್ಲಿ ಇಟ್ಟಿದ್ದರು. ಕುದಿಯೋ ಜಾಮ್‌ನಿಂದ ಅರ್ಧ ಚಮಚ ಆ ತಟ್ಟೆ ಮೇಲೆ ಬಿಟ್ಟು, ಒಂದು ನಿಮಿಷ ಬಿಟ್ಟು, ಬೆರಳಿಂದ ತಳ್ಳಿದರು. ನೀರಿನ ಹಾಗೆ ಓಡಿತು. ಐದು ನಿಮಿಷ ಬಿಟ್ಟು ಮತ್ತೆ. ಈ ಸಲ ಬೆರಳ ಮುಂದೆ ಜಾಮ್‌ನ ಮೈಮೇಲೆ ಸಣ್ಣ ಸುಕ್ಕು ಎದ್ದಿತು, ಆರಿದ ಹಾಲಿನ ಕೆನೆ ತಳ್ಳಿದ ಹಾಗೆ. "ಆಯಿತು" ಅಂದರು. ಥರ್ಮಾಮೀಟರ್ ಇಟ್ಟು ನೋಡುವವರಿಗೆ ಅದು 105 ಡಿಗ್ರಿ. ಅಮ್ಮ ಎರಡು ಬೆರಳ ಮಧ್ಯೆ ಒಂದು ಹನಿ ಹಿಡಿದು ಎಳೆ ಬರುತ್ತಾ ಅಂತ ನೋಡಿದಳು, ತಲೆ ಆಡಿಸಿದಳು. ಬೆಲ್ಲದ ಪಾಕಕ್ಕೆ ನೋಡೋ ಹಾಗೆ. ಇಬ್ಬರೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರದೆ, ಒಂದೇ ಹೊತ್ತಿಗೆ ಒಲೆ ಆರಿಸೋಕೆ ಕೈ ಹಾಕಿದರು.

ಹಸಿರು ಹಣ್ಣಿನ ಜಾಮ್ ಹಸಿರಾಗಿ ಉಳಿಯಲಿಲ್ಲ. ಕುದೀತಾ ಕುದೀತಾ ತಿಳಿ ಗುಲಾಬಿ ಕಂದು ಬಣ್ಣಕ್ಕೆ ತಿರುಗಿತು. ಓವನ್‌ನಲ್ಲಿ ಬಿಸಿ ಮಾಡಿದ ಜಾಡಿಗಳಿಗೆ ತುಂಬಿ ಕಿಟಕಿಯಲ್ಲಿ ಸಾಲಾಗಿ ಇಟ್ಟೆವು. ಒಂಬತ್ತು ಜಾಡಿ. ಉಳಿದ ಕಾಯಲ್ಲಿ ಅಮ್ಮ ಉಪ್ಪಿನಕಾಯಿ ಹಾಕಿದಳು. ಬರ್ಮಿಂಗ್‌ಹ್ಯಾಮ್‌ನ ಸೋಹೋ ರೋಡಿನಿಂದ ತಂದ ಸಾಸಿವೆ, ಒಣಮೆಣಸು, ಊರಿಂದ ತಂದ ಇಂಗು. ಮಾವಿನ ಮಿಡಿ ಅಲ್ಲ, ಹಾಗಂತ ಅದರ ಜೊತೆ ಹೋಲಿಸಬೇಕಾಗೂ ಇಲ್ಲ. ಮೊಸರನ್ನಕ್ಕೆ ತುಂಬ ಚೆನ್ನಾಗಿತ್ತು. ಒಂದು ಜಾಡಿ ಮನೆಯೊಡತಿಗೆ ಕೊಟ್ಟೆವು. ಮಾರನೇ ದಿನ ಚೀಸ್ ಜೊತೆ ತಿಂದೆ ಅಂದರು.

ಬ್ಲ್ಯಾಕ್‌ಕರೆಂಟ್, ರೆಡ್‌ಕರೆಂಟ್ ಅನ್ನೋ ಸಣ್ಣ ಹುಳಿ ಹಣ್ಣುಗಳೂ ಇದ್ದವು. ಪಾರಿವಾಳಗಳು ಬಲೆ ಮೇಲೆ ಕೂತು ಕಾಯ್ತಾ ಇರುತ್ತವೆ. ಬಾಗಿಲು ಸರಿಯಾಗಿ ಹಾಕದೆ ಬಂದರೆ ಅರ್ಧ ದಿನದಲ್ಲಿ ಪೊದೆ ಖಾಲಿ ಅಂತ ಕೇಳಿದ್ದೆವು, ಅದಕ್ಕೆ ದಿನಾ ಎರಡೆರಡು ಸಲ ನೋಡಿ ಬರ್ತಿದ್ದೆವು.

ಆಲೂಗಡ್ಡೆ ಅಗೆದಿದ್ದು ಮಗಳು. ಸೊಪ್ಪು ಹಳದಿ ಆಗ್ತಾ ಬಂದಿತ್ತು. ನಮ್ಮನೆಯವರು ಫೋರ್ಕನ್ನು ಬುಡದಿಂದ ದೂರ ಊರಿ ಮಣ್ಣು ಎತ್ತಿಕೊಟ್ಟರು. ಅವಳು ಕೈ ಹಾಕಿ ಹುಡುಕಿದಳು. ಒಂದು ಗಿಡಕ್ಕೆ ಹನ್ನೆರಡು, ಇನ್ನೊಂದಕ್ಕೆ ಹದಿನೈದು. ಎರಡು ಮಾರು ದೂರದಲ್ಲಿ ರಾಬಿನ್ ಹಕ್ಕಿ ಬಂದು ಕೂತಿತು. ಮಣ್ಣು ತಿರುವಿದಲ್ಲೆಲ್ಲ ಎರೆಹುಳ ಸಿಗುತ್ತೆ ಅಂತ ಅದಕ್ಕೆ ಗೊತ್ತು. ಅವಳು ಸುಮ್ನೆ ಕೂತಾಗ ಬುಟ್ಟಿಯ ಅಂಚಿಗೇ ಬಂದು ಕೂತಿತು. ಅವಳು ಉಸಿರು ಬಿಗಿ ಹಿಡಿದಿದ್ದು ನನಗೆ ಅಡುಗೆಮನೆ ಕಿಟಕಿಯಿಂದ ಕಾಣ್ತಿತ್ತು. ಅಗೆದು ಒಂದು ಗಂಟೆಯೊಳಗೆ ಬೇಯಿಸಿದ ಹೊಸ ಆಲೂಗಡ್ಡೆಗೆ ಉಪ್ಪು, ಬೆಣ್ಣೆ, ಪುದೀನ ಸಾಕು. ಒಗ್ಗರಣೆ ಬೇಡ ಅಂತ ಅಮ್ಮನೇ ಹೇಳಿದಳು. ಅಮ್ಮ ಹಾಗೆ ಹೇಳಿದ್ದನ್ನು ನಾನು ಇದುವರೆಗೆ ಕೇಳಿರಲಿಲ್ಲ.

ಮಕ್ಕಳಿರುವವರು ಈ ಮಾತು ಗಮನ ಇಟ್ಟು ಓದಿ. ತೋಟದಲ್ಲಿ ತಿನ್ನೋ ಗಿಡ, ವಿಷದ ಗಿಡ ಪಕ್ಕಪಕ್ಕ ಇವೆ, ಆ ಹಾಳೆಯಲ್ಲಿ ಅದರ ಬಗ್ಗೆ ಒಂದು ಸಾಲೂ ಇಲ್ಲ. ಸ್ವೀಟ್ ಪೀ ಹೂವಿಗೆ ಬಿಡೋ ಕಾಯಿ ಥೇಟ್ ಬಟಾಣಿ ಥರ ಕಾಣುತ್ತೆ, ಆದರೆ ವಿಷ. ರೂಬಾರ್ಬ್‌ನ ದಂಟು ತಿನ್ನಬಹುದು, ಎಲೆ ತಿನ್ನಬಾರದು. ಹಸಿರಾದ ಆಲೂಗಡ್ಡೆ ಬಿಸಾಡಿ. ಗೋಡೆ ಪಕ್ಕ ಫಾಕ್ಸ್‌ಗ್ಲೋವ್ ಇದೆ. ನಾವು ಹೋದಾಗ ಹೂ ಮುಗಿದು ಕಂದು ಬೀಜದ ಕೋಲುಗಳಾಗಿ ನಿಂತಿದ್ದವು. ಎಲೆಯಿಂದ ಬೀಜದವರೆಗೆ ಎಲ್ಲವೂ ಹೃದಯದ ಮೇಲೆ ಕೆಲಸ ಮಾಡೋ ವಿಷ.

ನಾನು ಬರ್ಮಿಂಗ್‌ಹ್ಯಾಮ್‌ನ ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್. ಫಾಕ್ಸ್‌ಗ್ಲೋವ್ ಜಾತಿಯ ಗಿಡದಿಂದ ಬರೋ ಹೃದಯದ ಮದ್ದು ಡಿಗಾಕ್ಸಿನ್, ಅದರ ಮಾತ್ರೆ ನನ್ನ ಕೈಯಿಂದ ದಾಟದ ವಾರ ಇಲ್ಲ. ಫಾಕ್ಸ್‌ಗ್ಲೋವ್ ಎಲೆಯನ್ನು ಎಷ್ಟು ಕೊಟ್ಟರೆ ಮದ್ದು, ಎಷ್ಟಾದರೆ ವಿಷ ಅಂತ ವರ್ಷಗಟ್ಟಲೆ ರೋಗಿಗಳನ್ನು ನೋಡಿ ಬರೆದಿಟ್ಟು 1785ರಲ್ಲಿ ಪ್ರಕಟಿಸಿದವರು ವಿಲಿಯಂ ವಿದರಿಂಗ್. ಅವರು ಬರ್ಮಿಂಗ್‌ಹ್ಯಾಮ್ ಜನರಲ್ ಹಾಸ್ಪಿಟಲ್‌ನಲ್ಲಿ ಡಾಕ್ಟರ್ ಆಗಿದ್ದರು. ಹಳ್ಳಿ ಮದ್ದು ಕೊಡುವ ಹೆಂಗಸೊಬ್ಬಳ ಸೊಪ್ಪಿನ ಮಿಶ್ರಣದಿಂದ ಅವರಿಗೆ ಇದರ ಸುಳಿವು ಸಿಕ್ಕಿದ್ದು. ಅದೇ ಊರಲ್ಲಿ ಅದೇ ಬಗೆಯ ಮದ್ದನ್ನು ಪ್ಯಾಕೆಟ್‌ನಲ್ಲಿ ಕೊಡುವ ನಾನು ಗಿಡವನ್ನು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು. ಮಗಳನ್ನು ಕರೆದು ತೋರಿಸಿದೆ, ಮುಟ್ಟಬೇಡ ಅಂತಲೂ ಹೇಳಿದೆ. ಮನೆಯೊಡತಿಗೂ ಹೇಳಿದೆ, ಹಾಳೆಯಲ್ಲಿ ಸೇರಿಸ್ತೀನಿ ಅಂದರು.

ನೀಲಿ ದಾರದ ಸಾಲಿನ ಗುಟ್ಟು ಬುಧವಾರ ಗೊತ್ತಾಯಿತು. ಆಗಸ್ಟ್‌ನಲ್ಲಿ ಹಳ್ಳಿಯ ಫಲಪುಷ್ಪ ಪ್ರದರ್ಶನ ಇದೆ. ಮೂರು ಈರುಳ್ಳಿ, ಐದು ಬೀನ್ಸ್, ಒಂದು ಹೂದಾನಿ ಸ್ವೀಟ್ ಪೀ, ಒಂದು ಜಾಡಿ ಜಾಮ್, ಹೀಗೆ ಸ್ಪರ್ಧೆಗಳು. ಮೂರು ಈರುಳ್ಳಿ ಅಂದರೆ ಮೂರೂ ಒಂದೇ ಗಾತ್ರ, ಒಂದೇ ಆಕಾರ ಇರಬೇಕು. ಆ ಮೂರು ಸಿಗೋಕೆ ಅವರು ಇಡೀ ಸಾಲು ಬೆಳೆಸಿದ್ದಾರೆ. ದಿನಾ ಸಂಜೆ ಬಂದು ಸಾಲಿನ ಮುಂದೆ ಬಗ್ಗಿ ನೋಡಿ ಹೋಗ್ತಾರೆ.

ಬಂದ ಮರುದಿನವೇ, ಭಾನುವಾರ, ಊರಿನ ಐದು ತೋಟ ಜನರಿಗೆ ತೆರೆದಿತ್ತು. ರಸ್ತೆ ಬದಿಯಲ್ಲಿ ಹಳದಿ ಬೋರ್ಡ್ ನೋಡಿ ಹೋದೆವು. ನ್ಯಾಷನಲ್ ಗಾರ್ಡನ್ ಸ್ಕೀಮ್ ಅಂತ 1927ರಲ್ಲಿ ಶುರುವಾದ ಏರ್ಪಾಡು. ಮನೆಮನೆಗೆ ಹೋಗಿ ಶುಶ್ರೂಷೆ ಮಾಡೋ ನರ್ಸ್‌ಗಳಿಗೆ ಹಣ ಕೂಡಿಸೋಕೆ ಮೊದಲ ವರ್ಷ 609 ತೋಟಗಳು ತಲೆಗೆ ಒಂದು ಶಿಲಿಂಗ್ ತಗೊಂಡು ಬಾಗಿಲು ತೆರೆದವು. ಇವತ್ತಿಗೂ ಆ ದುಡ್ಡು ಹೋಗೋದು ಹೆಚ್ಚಾಗಿ ನರ್ಸಿಂಗ್, ಆರೋಗ್ಯ ಸೇವೆಯ ಸಂಸ್ಥೆಗಳಿಗೆ. ಆಸ್ಪತ್ರೆಯಲ್ಲಿ ಕೆಲಸ ಮಾಡೋ ನನಗೆ ಆ ಟಿಕೆಟ್ ಕೊಳ್ಳುವಾಗ ತುಂಬ ಖುಷಿಯಾಯಿತು. ಟೀ, ಕೇಕ್ ಇತ್ತು. ಗೊಬ್ಬರದ ಗುಂಡಿ ತೋರಿಸ್ತಿದ್ದ ಒಬ್ಬ ಮುದುಕರ ಹತ್ತಿರ ಅಮ್ಮ ನಿಂತಳು. ಅವರು ಒಂದು ಹಿಡಿ ಗೊಬ್ಬರ ಎತ್ತಿ ಕೊಟ್ಟರು. ಅಮ್ಮ ಮೂಸಿ, ಪುಡಿ ಮಾಡಿ, "ಚೆನ್ನಾಗಿ ಕಳಿತಿದೆ" ಅಂದಳು. ನಾನು ಅನುವಾದ ಮಾಡಬೇಕಾಗಿ ಬರಲಿಲ್ಲ.

ಸಂಜೆಗಳ ಬಗ್ಗೆ ಹೇಳಲೇಬೇಕು. ಜುಲೈ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗೋದು ಒಂಬತ್ತು ದಾಟಿದ ಮೇಲೆ. ಬೆಳಕು ಹತ್ತರವರೆಗೂ ಇರುತ್ತೆ. ಊಟ ಎಲ್ಲ ಆದ ಮೇಲೆ ಡ್ರಮ್‌ನಲ್ಲಿ ಕೂಡಿಟ್ಟ ಮಳೆ ನೀರನ್ನು ಝಾರಿಯಲ್ಲಿ ಹೊತ್ತು ಗಿಡಗಳಿಗೆ ಹಾಕ್ತಿದ್ದೆವು. ಚಿಪ್ಪಿಲ್ಲದ ಬಸವನಹುಳುಗಳು ಆ ಹೊತ್ತಿಗೇ ಹೊರಗೆ ಬರುತ್ತವೆ, ನಮ್ಮನೆಯವರು ಅವನ್ನು ಹೆಕ್ಕಿ ಡಬ್ಬಿಗೆ ಹಾಕ್ತಿದ್ದರು. ಆಕಾಶದಲ್ಲಿ ಸ್ವಿಫ್ಟ್ ಹಕ್ಕಿಗಳು ಕಿರಿಚುತ್ತಾ ಚಾವಣಿ ಪಕ್ಕದಲ್ಲೇ ಸುತ್ತು ಹೊಡೀತಿದ್ದವು. ಆಗಸ್ಟ್ ಮೊದಲ ವಾರಗಳಲ್ಲಿ ಅವು ಆಫ್ರಿಕಾಕ್ಕೆ ಹೊರಟುಹೋಗುತ್ತವೆ. ಅಮ್ಮನಿಗೆ ದೇವರಿಗೆ ದೀಪ ಹಚ್ಚೋ ಹೊತ್ತು ಯಾವುದು ಅಂತ ಮೊದಲೆರಡು ದಿನ ಗೊಂದಲ. ಏಳಕ್ಕೆ ಹಚ್ಚಿದರೆ ಹೊರಗೆ ಮಧ್ಯಾಹ್ನದ ಬಿಸಿಲು. ಮೂರನೇ ದಿನದಿಂದ ನೀರು ಹಾಕಿ, ಕೈಕಾಲು ತೊಳೆದು, ಒಂಬತ್ತೂಕಾಲಿಗೆ ಅಡುಗೆಮನೆ ಕಿಟಕಿಯಲ್ಲಿ ಜಾಮ್ ಜಾಡಿಗಳ ಪಕ್ಕ ಹಚ್ಚಿದಳು. ಮುಂದೆ ಎರಡು ಸ್ವೀಟ್ ಪೀ ಹೂವು.

ಇನ್ನೊಂದು ದೂರು ಬಾಕಿ ಇದೆ. ವೆಬ್‌ಸೈಟಿನಲ್ಲಿ ಗುಲಾಬಿ, ಫಾಕ್ಸ್‌ಗ್ಲೋವ್ ಹೂವು, ಹಣ್ಣಾದ ಪ್ಲಮ್ ಎಲ್ಲ ಒಟ್ಟಿಗೆ ಇರೋ ಹಾಗೆ ಫೋಟೊ ಹಾಕಿದ್ದಾರೆ, ಪ್ಲಮ್ ಕೊಯ್ಯಬಹುದು ಅಂತ ಬರೆದಿದ್ದಾರೆ. ಯಾವ ತಿಂಗಳು ಅಂತ ಇಲ್ಲ. ನಾವಿದ್ದಾಗ ಪ್ಲಮ್ ಎಲ್ಲ ಗಟ್ಟಿ ಕಾಯಿ. ಅಲ್ಲಿಯ ಒಂದು ಮರ ಪರ್ಶೋರ್ ಯೆಲ್ಲೋ ಎಗ್, ಆ ಊರಿನ ಹತ್ತಿರದ ಕಾಡಲ್ಲೇ ಸಿಕ್ಕ ತಳಿ. ಮೊಟ್ಟೆಯಾಕಾರ, ಹಳದಿ, ಜಾಮ್‌ಗೆ ಹೇಳಿ ಮಾಡಿಸಿದ್ದು. ಆಗಸ್ಟ್‌ನಲ್ಲಿ ಪರ್ಶೋರ್ ಊರೇ ಪ್ಲಮ್ ಹಬ್ಬ ಮಾಡುತ್ತೆ. ಇದನ್ನೇ ನೆಚ್ಚಿಕೊಂಡು ಜುಲೈನಲ್ಲಿ ಹೋದವರಿಗೆ ನಿರಾಸೆ ಆಗುತ್ತೆ. ಯಾವ ತಿಂಗಳು ಏನು ಸಿಗುತ್ತೆ ಅಂತ ನಾಲ್ಕು ಸಾಲು ಬರೆದರೆ ಸಾಕು. ನಾನು ಕೇಳಿ ತಿಳಿದದ್ದು ಹೇಳ್ತೀನಿ. ಸ್ಟ್ರಾಬೆರಿ, ಬ್ರಾಡ್ ಬೀನ್ಸ್ ಬೇಕಾದರೆ ಜೂನ್ ಕೊನೆ. ಗೂಸ್‌ಬೆರಿ, ಬ್ಲ್ಯಾಕ್‌ಕರೆಂಟ್, ರೆಡ್‌ಕರೆಂಟ್, ಹೊಸ ಆಲೂಗಡ್ಡೆಗೆ ಜುಲೈ. ಪ್ಲಮ್‌ಗೆ ಆಗಸ್ಟ್ ನಡುವಿನಿಂದ ಕೊನೆಯವರೆಗೆ, ಆಗ ಕಣಜಗಳೂ ಇರುತ್ತವೆ, ಬಿದ್ದ ಹಣ್ಣನ್ನು ನೋಡದೆ ಎತ್ತಬೇಡಿ. ರನ್ನರ್ ಬೀನ್ಸ್ ಕೊಯ್ತಾ ಇದ್ದರೆ ಸೆಪ್ಟೆಂಬರ್‌ವರೆಗೂ ಬರುತ್ತೆ.

ಐದಕ್ಕೆ ನಾಲ್ಕು ಕೊಡ್ತೀನಿ. ಒಂದು ಕಳೆದದ್ದು ಮೆಟ್ಟಿಲಿಗೆ, ಪಾತ್ರೆಗೆ, ಪ್ಲಮ್ ಫೋಟೊಗೆ. ಸುಮ್ನೆ ಮಲಗಿ ಪುಸ್ತಕ ಓದೋಕೆ ಬರುವವರಿಗೆ ಇದು ಬೇಡ. ನೀವು ಕೊಯ್ಯದಿದ್ದರೆ ಬೀನ್ಸ್ ಬಲಿತು ಗಿಡ ನಿಂತುಹೋಗುತ್ತೆ, ನಿಮ್ಮ ಹಿಂದೆ ಬರುವವರಿಗೆ ಏನೂ ಉಳಿಯೋದಿಲ್ಲ. ನಮಗೆ ಹಾಗೆ ಸಿಕ್ಕಿದ್ದು ಹಿಂದಿನ ವಾರದವರು ಕೊಯ್ದಿದ್ದಕ್ಕೆ. ಕೊನೆಯ ದಿನ ಶನಿವಾರ ಬೆಳಗ್ಗೆ ಆರಕ್ಕೆ ಎದ್ದು ಅಮ್ಮ ಒಂದು ಸಲ ಪೂರ್ತಿ ಚಪ್ಪರ ಕೊಯ್ದಳು. ಅರ್ಧ ನಮ್ಮ ಕಾರಿಗೆ. ಇನ್ನರ್ಧವನ್ನು ಮನೆಯೊಡತಿ ಗೇಟಿನ ಹೊರಗಿನ ಪುಟ್ಟ ಮೇಜಿನ ಮೇಲೆ, ಚೀಲಕ್ಕೆ ಒಂದು ಪೌಂಡ್ ಅಂತ ಬರೆದು, ದುಡ್ಡಿನ ಡಬ್ಬಿ ಪಕ್ಕ ಇಟ್ಟರು.

ಅಮ್ಮನ ವೀಸಾ ಸೆಪ್ಟೆಂಬರ್‌ವರೆಗೆ ಇದೆ. ಆಗಸ್ಟ್ ಕೊನೆಯಲ್ಲಿ ಮೂರು ರಾತ್ರಿ ಖಾಲಿ ಇದ್ದವು, ಬುಕ್ ಮಾಡಿದ್ದೇವೆ. ಈ ಸಲ ಹತ್ತು ಲೀಟರಿನ ಪಾತ್ರೆ, ಇಪ್ಪತ್ತು ಖಾಲಿ ಜಾಡಿ, ಎರಡು ಜೊತೆ ಕೈಗವಸು ಈಗಲೇ ಕಾರಿನ ಡಿಕ್ಕಿಯಲ್ಲಿವೆ.